ಊದಿದ ಉಸಿರು

ಚೆಲುವಮ್ಮ ಮೂರು ದಿನದಿಂದ ಸೀನಿರಲಿಲ್ಲ. ಸೀನು ಬಂದಿರಲಿಲ್ಲವೆಂದಲ್ಲ, ಬಂದದ್ದನ್ನೆಲ್ಲ ಮೂಗಿನ ಬುಡದಲ್ಲೇ ಹೆಬ್ಬೆರಳಿನಿಂದ ಅದುಮಿ, ಕಣ್ಣೊಳಗೆ ನೀರಾಗಿಸಿ ನುಂಗಿಕೊಂಡಿದ್ದಳು. ಶುಕ್ರವಾರ ಬೆಳಗ್ಗೆ ಏಳು ಗಂಟೆಗೆ ಮುಳ್ಳೂರಿನ ಬೀದಿಯಲ್ಲಿ ಚನ್ನಾಜಮ್ಮನ ಮನೆಗೆ ನಡೆಯುವಾಗಲೂ ಅದೇ ಕೆಲಸ ನಡೆದಿತ್ತು. ಹಾಲಿನ ಕ್ಯಾನು ಹಿಡಿದು ಡೈರಿಗೆ ಹೊರಟಿದ್ದ ನಾಗಯ್ಯ ಎದುರಾಗಿ, “ಏನವ್ವಾ, ಕಣ್ಣು ಅಷ್ಟು ಕೆಂಪಗಾಗವೆ?” ಅಂದ. “ಸೌದೆ ಹೊಗೆ ಕಣಪ್ಪ” ಅಂದುಬಿಟ್ಟಳು. ಅಂದ ಮೇಲೆ, ತನ್ನ ಮನೆಗೆ ಗ್ಯಾಸ್ ಒಲೆ ಬಂದು ಆರು ವರ್ಷವಾಯಿತು, ಸಿಲಿಂಡರು ಹೊತ್ತು ತಂದು ಒಳಗಿಟ್ಟವನು ಇವನೇ ಅಲ್ಲವೇ ಎನ್ನಿಸಿ ಹಿಂತಿರುಗಿ ನೋಡಿದಳು. ಅವನು ತಿರುಗಿ ನೋಡಲಿಲ್ಲ. ಬೀದಿಯ ತಿರುವಿನಲ್ಲಿ ಪಕ್ಕದಿಂದ ಕಂಡ ಅವನ ಮೂಗು ನೆಟ್ಟಗಿತ್ತು. ಅದೂ ಅವಳೇ ತಿದ್ದಿದ ಮೂಗು.

ಊರಲ್ಲಿ ನಲವತ್ತು ತುಂಬದ ಮೂಗುಗಳಲ್ಲಿ ಅರ್ಧಕ್ಕರ್ಧ ಚೆಲುವಮ್ಮನ ಬೆರಳ ಕೆಳಗೆ ಹಾದುಬಂದವು. ಕೂಸು ಎರೆಯುವುದು ಅವಳ ಕೆಲಸ, ಅತ್ತೆಯಿಂದ ಬಂದದ್ದು. ಮಣೆಯ ಮೇಲೆ ಕೂತು ಎರಡೂ ಕಾಲು ನೀಡಿ, ಕಾಲುಗಳ ಸಂದಿನಲ್ಲಿ ಕೂಸನ್ನು ಮಲಗಿಸಿಕೊಂಡು, ಹರಳೆಣ್ಣೆ ತಿಕ್ಕಿ, ಮೂಗು ನೀವಿ ನೆಟ್ಟಗೆ ಮಾಡಿ, ಕಡಲೆಹಿಟ್ಟು ಸವರಿ, ಹದವಾದ ಬಿಸಿನೀರು ಹುಯ್ದು, ಕೊನೆಗೆ ಒಂದೊಂದೇ ಹೊಳ್ಳೆಗೆ ತುಟಿ ತಂದು ಫೂ ಎಂದು ಊದುವುದು. ಒಳಗೆ ನೀರು ನಿಲ್ಲಬಾರದು. “ನೀರು ಯಾರಾರೂ ಉಯ್ಯಬೌದು ಕಣ್ಮಗ, ಊದೋ ಉಸುರು ಮಾತ್ರ ಒಬ್ಬರದೇ ಆಗ್ಬೇಕು” ಎಂದು ಅತ್ತೆ ಹೇಳಿಕೊಟ್ಟಿದ್ದಳು. ಎಣ್ಣೆಗೆಂದು ಅವಳೇ ಕೊಟ್ಟ ಕಂಚಿನ ಬಟ್ಟಲೊಂದಿತ್ತು. ಯಾವ ಮನೆಯಲ್ಲಿ ಕೂಸು ಹುಟ್ಟಿದರೂ ಮೊದಲ ದಿನವೇ ಬಟ್ಟಲು ಆ ಮನೆ ಸೇರುತ್ತದೆ. ಮೂರು ತಿಂಗಳು ತುಂಬಿದ ಮೇಲೆ ಎಲೆ ಅಡಿಕೆ, ರವಿಕೆ ಕಣದ ಜೊತೆ ವಾಪಸು ಬರುತ್ತದೆ. ಅವಧಿಗೆ ಮೊದಲು ಅದು ವಾಪಸು ಬಂದದ್ದು ಒಂದೇ ಸಲ. ಅದನ್ನು ಚೆಲುವಮ್ಮ ನೆನೆಯುವುದಿಲ್ಲ. ನೆನೆಯುವುದಿಲ್ಲ ಎಂದುಕೊಳ್ಳುವಾಗಲೇ ಅದು ಕಾಲಿಗೆ ತೊಡರಿತು. ಅವಳು ಬೇಗ ಬೇಗ ನಡೆದಳು.

ಹೋದ ಭಾನುವಾರ ಯಳಂದೂರಿಗೆ ತಂಗಿಯ ಮಗನ ಗೃಹಪ್ರವೇಶಕ್ಕೆ ಹೋಗದಿದ್ದರೆ ಏನೂ ಆಗುತ್ತಿರಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಯಾರೋ ಹೆಣ್ಣುಮಗಳು ತನ್ನ ಎರಡು ವರ್ಷದ ಮಗುವನ್ನು “ಒಸಿ ಕುಂಡಿರುಸ್ಕೊಳವ್ವ” ಎಂದು ಇವಳ ತೊಡೆಗೆ ದಾಟಿಸಿದಳು. ಮಗುವಿನ ಮೂಗಿನಿಂದ ಎರಡು ಗೆರೆ ಸುರಿಯುತ್ತಿತ್ತು. ಅದನ್ನು ಚೆಲುವಮ್ಮ ತನ್ನ ಸೆರಗಿನಿಂದಲೇ ಒರೆಸಿದಳು, ಕೊಳ್ಳೇಗಾಲ ಬರುವವರೆಗೂ ಒರೆಸುತ್ತಲೇ ಇದ್ದಳು. ಮಂಗಳವಾರ ಬೆಳಗ್ಗೆ ಎದ್ದಾಗ ಗಂಟಲಲ್ಲಿ ಭತ್ತದ ಸುಂಕು ಸಿಕ್ಕಿಕೊಂಡಂತೆ ಇತ್ತು. ಬಿಸಿನೀರು ಕುಡಿದಳು, ಹೋಗಲಿಲ್ಲ. ಹಾಗೇ ಬಂದು ಚನ್ನಾಜಮ್ಮನ ಮೊಮ್ಮಗನನ್ನು ಎರೆದಳು, ಊದಿದಳು. ಬುಧವಾರ ಮೂಗು ಸುರಿಯತೊಡಗಿತು, ಎರೆದಳು, ಊದಿದಳು. ಊದುವ ಗಳಿಗೆಯಲ್ಲಿ ಒಂದು ಕ್ಷಣ ತುಟಿ ತಡೆಯಿತು. ಆದರೆ ಪಕ್ಕದಲ್ಲಿ ಚೊಂಬು ಹಿಡಿದು ನಿಂತಿದ್ದ ಚನ್ನಾಜಮ್ಮ, “ಯಾಕಕ್ಕ?” ಅಂದಿದ್ದಳು. ಯಾಕೆಂದು ಹೇಳಬೇಕಿತ್ತು. ಹೇಳುವುದಕ್ಕಿಂತ ಊದುವುದು ಸುಲಭವಾಗಿತ್ತು.

ಮನೆಯ ಜಗುಲಿ ಹತ್ತುವಾಗಲೇ ಒಳಗಿನಿಂದ ಆ ಸದ್ದು ಕೇಳಿತು. ಗೊರ್ ಗೊರ್ ಎಂದು, ತೂತು ಬಿದ್ದ ಕೊಳವೆಯಲ್ಲಿ ನೀರು ಎಳೆದಂತೆ. ಚೆಲುವಮ್ಮನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕೋಣೆಯಲ್ಲಿ ಮಂಚದ ಮೇಲೆ ಬಾಣಂತಿ ಮೀನಾ, ಕಿವಿಗೆ ಹತ್ತಿ, ತಲೆಗೆ ಬಟ್ಟೆ ಸುತ್ತಿಕೊಂಡು, ಕೂಸನ್ನು ಎದೆಗೆ ಒತ್ತಿಕೊಂಡಿದ್ದಳು. ಕೂಸು ಎರಡು ಸಲ ಚೀಪಿ, ಉಸಿರು ಸಿಗದೆ ಬಿಟ್ಟು, ಮುಖ ಕೆಂಪಗೆ ಮಾಡಿ ಅಳುತ್ತಿತ್ತು. ಮತ್ತೆ ಹಿಡಿಯುತ್ತಿತ್ತು, ಮತ್ತೆ ಬಿಡುತ್ತಿತ್ತು. ಮೀನಾ ಹನೂರಿನ ಕಡೆಯವಳು. ತಾಯಿಯಿಲ್ಲದ ಹುಡುಗಿ, ಅದಕ್ಕೇ ಚೊಚ್ಚಲ ಬಾಣಂತನ ಅತ್ತೆಯ ಮನೆಯಲ್ಲಿ. ಇವತ್ತಿಗೆ ಇಪ್ಪತ್ತೊಂದನೆಯ ದಿನ.

ಬಾಗಿಲಲ್ಲಿ ಚನ್ನಾಜಮ್ಮ ಒಂದು ಸ್ಟೀಲಿನ ಚೊಂಬು ಹಿಡಿದು ನಿಂತಿದ್ದಳು, ಕಳ್ಳನನ್ನು ಹಿಡಿದವಳಂತೆ. “ನೋಡಕ್ಕ, ನೀನೇ ನೋಡು. ಮಂಚದ ಕೆಳುಗೆ ಸಿಕ್ತು. ಒಂದು ಚೊಂಬು ತಣ್ಣೀರ ಕದ್ದು ಕುಡ್ದವ್ಳೆ. ಹಸಿ ಬಾಣಂತಿ ತಣ್ಣೀರ ಕುಡುದ್ರೆ ಆಲ್ನಾಗೆ ಕೂಸಿಗೆ ಸೀತ ಓಗ್ದೆ ಇದ್ದದಾ?”

“ಬಾಯಿ ಒಣಗಿತ್ತು ಅತ್ತೆ” ಅಂದಳು ಮೀನಾ.

“ನಮ್ಗೂ ಒಣಗಿತ್ತು. ನಾವ್ ಹೆತ್ತಿರ್ನಿಲ್ವಾ? ಒಪ್ಪೊತ್ತಿಗೆ ಅರ್ಧ ಲೋಟ ಬಿಸ್ನೀರು, ಅಷ್ಟೇಯ. ಯೋಳಕ್ಕ ನೀನು, ಸುಳ್ಳಾ?”

ಸುಳ್ಳಾಗಿರಲಿಲ್ಲ. ಚೆಲುವಮ್ಮ ತನ್ನ ಬಾಣಂತನದಲ್ಲಿ, ಆಷಾಢದ ಗಾಳಿಯಲ್ಲಿ ನಾಲಗೆ ಅಂಗುಳಿಗೆ ಅಂಟಿಕೊಂಡು ಬಿಡಿಸಿಕೊಳ್ಳಲು ಆಗದೆ, ಬಚ್ಚಲಿಗೆ ಕೂರಿಸಿ ಅತ್ತೆ ಆಚೆ ಹೋದ ಗಳಿಗೆಯಲ್ಲಿ ಹಂಡೆಯ ನೀರನ್ನೇ, ಬೂದಿ ಬಿದ್ದು ತೇಲುತ್ತಿದ್ದದ್ದನ್ನು, ಬೊಗಸೆಯಲ್ಲಿ ಎತ್ತಿ ಎತ್ತಿ ಕುಡಿದಿದ್ದಳು. ಅದರ ರುಚಿ ಈಗಲೂ ಹಲ್ಲಿನ ಸಂದಿನಲ್ಲಿದೆ. ಅವಳ ಮಗನಿಗೆ ಆಗ ಏನೂ ಆಗಿರಲಿಲ್ಲ. ಆಗಿದ್ದರೆ ತಾನೂ ಹಂಡೆಯ ನೀರಿನಿಂದಲೇ ಆಯಿತೆಂದು ನಂಬಿಬಿಡುತ್ತಿದ್ದಳೋ ಏನೋ. ಮೀನಾಳ ತುಟಿ ನೋಡಿದಳು. ಸಿಪ್ಪೆ ಎದ್ದಿತ್ತು. ತನ್ನ ಮೂಗಿನಲ್ಲಿ ಒಂದು ಹನಿ ಇಳಿಯುತ್ತಿರುವುದು ಗೊತ್ತಾಗಿ, ನೀರು ಕಾದಿದೆಯೋ ನೋಡುತ್ತೇನೆ ಎಂದು ಬಚ್ಚಲ ಮನೆಗೆ ನುಗ್ಗಿಬಿಟ್ಟಳು.

ಅಲ್ಲಿ ಕತ್ತಲಲ್ಲಿ ಗೂಡಿನಲ್ಲಿ ಅವಳ ಬಟ್ಟಲು ಇತ್ತು, ಎಣ್ಣೆ ತುಂಬಿ. ಸೆರಗಿನಿಂದ ಮೂಗು ಒರೆಸಿಕೊಂಡಳು. ಒರೆಸಿದ ಕೈಯನ್ನು ನೋಡಿದಳು. ಇದೇ ಕೈ. ಬಿಸಿನೀರಿನಲ್ಲಿ ಅದ್ದಿದಳು, ಸೋಪು ಹುಡುಕಿದಳು, ಸಿಗಲಿಲ್ಲ, ಕಡಲೆಹಿಟ್ಟಿನಿಂದಲೇ ತಿಕ್ಕಿದಳು. ಹೊರಗೆ ಸ್ಕೂಟರು ನಿಂತ ಸದ್ದಾಯಿತು.

ಬಂದವಳು ಆಶಾ ಕಾರ್ಯಕರ್ತೆ ಮಹಾದೇವಮ್ಮ. ಇಪ್ಪತ್ತೊಂದನೆಯ ದಿನ ಕೂಸನ್ನು ತೂಗಲು ಬರಲೇಬೇಕು. ಎಂದಿನಂತೆ ಅವಳ ಮಾತು ಅವಳಿಗಿಂತ ಮೊದಲೇ ಒಳಗೆ ಬಂತು. “ಎಲ್ಲಿ ನಮ್ಮ ದೊಡ್ಡ ಮನ್ಸ? ಏನ್ ಗೊರಕೆ ಇದು, ಅಪ್ಪನ್ನೇ ಮೀರುಸ್ತಾನಲ್ಲ ಇವ್ನು.” ಮೀನಾ ಒಂದು ಚೂರು ನಕ್ಕಳು. ಚನ್ನಾಜಮ್ಮ ನಗಲಿಲ್ಲ, ಚೊಂಬಿನ ಕಥೆಯನ್ನು ಮೊದಲಿನಿಂದ ಹೇಳಿದಳು. ಜೊತೆಗೆ, ಮಗ ಶಾಂತರಾಜು ಕೊಳ್ಳೇಗಾಲದ ಮೆಡಿಕಲ್ಲಿನಿಂದ ತಂದಿಟ್ಟಿದ್ದ ಸಿರಪ್ಪನ್ನೂ ತೋರಿಸಿದಳು. ಮಹಾದೇವಮ್ಮ ಬಾಟಲಿಯನ್ನು ಕಣ್ಣ ಹತ್ತಿರ ಹಿಡಿದು ಓದಿ, ತನ್ನ ಚೀಲಕ್ಕೆ ಹಾಕಿಕೊಂಡುಬಿಟ್ಟಳು. “ಇದ ಕೂಸಿಗೆ ಉಯ್ಯಂಗಿಲ್ಲ. ದೊಡ್ಡೋರ್ ಸಿರಪ್ಪ ಇಷ್ಟು ಸಣ್ಣದಕ್ಕೆ ಉಯ್ತೀಯೇನವ್ವ? ಶಾಂತರಾಜುಗೆ ನಾನೇ ಯೋಳ್ತೀನಿ.”

ಆಮೇಲೆ ಅವಳು ಕೂಸಿನ ಅಂಗಿ ಮೇಲೆತ್ತಿ, ಮೊಬೈಲಿನಲ್ಲಿ ಗಡಿಯಾರ ಇಟ್ಟುಕೊಂಡು, ಉಸಿರು ಎಣಿಸುತ್ತ ಸುಮ್ಮನಾದಳು. ಮಹಾದೇವಮ್ಮ ಸುಮ್ಮನಾದದ್ದನ್ನು ಕಂಡದ್ದು ಇದೇ ಮೊದಲೆಂದು ಬಚ್ಚಲ ಬಾಗಿಲ ಮರೆಯಿಂದ ನೋಡುತ್ತಿದ್ದ ಚೆಲುವಮ್ಮನಿಗೆ ಅನ್ನಿಸಿತು. ಕೂಸಿನ ಹೊಟ್ಟೆ ಏರುತ್ತಿತ್ತು, ಇಳಿಯುತ್ತಿತ್ತು. ಎಷ್ಟೋ ವರ್ಷದ ಹಿಂದೆ ಪುಟ್ಟಬಸಪ್ಪನ ಮನೆಯಲ್ಲಿ ಹೀಗೆ ಯಾರೂ ಎಣಿಸಿರಲಿಲ್ಲ. ಆ ಕೂಸಿಗೆ ಹನ್ನೊಂದು ದಿನ. ಪಕ್ಕೆ ಒಳಕ್ಕೆ ಸೆಳೆಯುತ್ತಿತ್ತು. ಎಲ್ಲರೂ ನೋಡಿದರು, ತಾನೂ ನೋಡಿದಳು. ಬಜೆ ತೇಯ್ದು ನೆತ್ತಿಗೆ ಹಾಕಿದಳು, ಸಾಂಬ್ರಾಣಿ ಹೊಗೆ ಕೊಟ್ಟಳು. ಮರುದಿನ ಬೆಳಗ್ಗೆ ಬಟ್ಟಲು ಅವಳ ಹಿತ್ತಲ ಬಾಗಿಲಲ್ಲಿತ್ತು, ಯಾರು ಇಟ್ಟು ಹೋದರೋ, ಎಣ್ಣೆ ಹಾಗೇ ಇತ್ತು. ಆ ಮನೆಯ ಸೊಸೆ, ಬಾಣಂತಿ ಲಕ್ಷ್ಮಿದೇವಿ ಒಂದು ಲೋಟ ಮಜ್ಜಿಗೆ ಕುಡಿದಿದ್ದಳು, ಅದಕ್ಕೇ ಕೂಸು ಉಳಿಯಲಿಲ್ಲ ಎಂದು ಊರೆಲ್ಲ ಹೇಳಿತು. ಮೂವತ್ತೊಂದು ವರ್ಷವಾಯಿತು. ಆ ವಾರ ತನಗೆ ನೆಗಡಿಯಿತ್ತೇ? ಮಳೆಗಾಲ; ಇದ್ದರೂ ಇರಬಹುದು. ಇರಲಿಲ್ಲವೇನೋ. ನೆನಪಿನೊಳಗೆ ಕೈ ಹಾಕಿ ತಡಕಿದರೆ ಮೂಗು ಒಮ್ಮೆ ಸುರಿಯುತ್ತದೆ, ಒಮ್ಮೆ ಒಣಗಿರುತ್ತದೆ. ಮೊನ್ನೆ ಭಾನುವಾರ ಯಳಂದೂರಿನ ಊಟದ ಪಂಕ್ತಿಯಲ್ಲಿ ಪಕ್ಕದಲ್ಲೇ ಕೂತಿದ್ದಳು ಲಕ್ಷ್ಮಿದೇವಿ, ಕೂದಲು ಬೆಳ್ಳಗಾಗಿ. ಮಜ್ಜಿಗೆ ಬಡಿಸುವವನು ಬಂದಾಗ ಲೋಟದ ಮೇಲೆ ಅಂಗೈ ಮುಚ್ಚಿದಳು. “ಒಸಿ ಹಾಕುಸ್ಕೊಳಮ್ಮಿ, ಬಿಸ್ಲು” ಅಂದಳು ಚೆಲುವಮ್ಮ. “ನಾನು ಕುಡಿಯಲ್ಲ ಕಣಕ್ಕ. ನಿಂಗೆ ಗೊತ್ತಿಲ್ವಾ?” ಅಂದಳು ಅವಳು, ಯಾವ ಸಿಟ್ಟೂ ಇಲ್ಲದೆ.

“ನಲವತ್ತೆಂಟು” ಅಂದಳು ಮಹಾದೇವಮ್ಮ. “ಅರವತ್ತರ ಒಳಗದೆ, ಪಕ್ಕೆ ಎಳಿತಿಲ್ಲ, ಜ್ವರ ಇಲ್ಲ. ನೆಗಡಿ, ಅಷ್ಟೇಯ. ಇಷ್ಟು ಸಣ್ಣ ಕೂಸಿಗೆ ಬಾಯಲ್ಲಿ ಉಸ್ರಾಡಕ್ಕೆ ಸರ್ಯಾಗಿ ಬರಲ್ಲ; ಮೂಗು ಕಟ್ಟುದ್ರೆ ಮೊಲೆ ಬುಡ್ತದೆ. ಈ ಉಪ್ಪುನೀರಿನ ಡ್ರಾಪ್ಸು ಆಸ್ಪತ್ರೇದು. ಹಾಲು ಕುಡಿಸೋಕೆ ಮುಂಚೆ ಒಂದೊಂದು ತೊಟ್ಟು. ಒಂದೇ ಸಲಕ್ಕೆ ಜಾಸ್ತಿ ಬ್ಯಾಡ, ಗಳಿಗ್ಗೊಂದ್ಸಲ ಒಸಿಒಸಿ ಕುಡುಸು. ಹೊಗೆ ಹಾಕಂಗಿಲ್ಲ, ಮೂಗಿಗೆ ಎಣ್ಣೆ ಬಿಡಂಗಿಲ್ಲ. ಉಸ್ರು ಜೋರಾದ್ರೆ, ಮೈ ಬಿಸಿ ಆದ್ರೆ, ಹಾಲೇ ಮುಟ್ಟದೆ ಇದ್ರೆ, ಯಾರ್ನೂ ಕೇಳ್ದೆ ಕೊಳ್ಳೇಗಾಲದ ಆಸ್ಪತ್ರೆಗೆ ತಕಂಡ್ ನಡೀರಿ, ನಂಗೂ ಫೋನ್ ಮಾಡಿ. ಇನ್ನೊಂದು. ಈ ಹುಡುಗಿಗೆ ನೀರು ಕೊಡಿ. ಎಷ್ಟು ಕೇಳ್ತಳೋ ಅಷ್ಟು. ನೀರಿಲ್ದೆ ಎಲ್ಲಿಂದ ಬಂದದು ಹಾಲು?”

“ನೀರಿಂದ್ಲೆ ಕಣಮ್ಮ ಈ ನೆಗ್ಡಿ ಬಂದದ್ದು” ಅಂದಳು ಚನ್ನಾಜಮ್ಮ.

“ನೀರಿಂದ ಬರಲ್ಲ. ಒಬ್ರಿಂದ ಒಬ್ರಿಗೆ ಬತ್ತದೆ. ಉಸ್ರಿಂದ, ಕೈಯಿಂದ. ಯಾರ್ಗಾದ್ರೂ ನೆಗ್ಡಿ ಅದಾ ಮನೇಲಿ?”

ಕೇಳಿದ ಪ್ರಶ್ನೆ ಅಷ್ಟು ಸಾದಾ ಇತ್ತು. ಚೆಲುವಮ್ಮ ಎರಡು ಹೆಜ್ಜೆ ಇಟ್ಟು ಬೆಳಕಿಗೆ ಬಂದರೆ ಸಾಕಿತ್ತು. ಆ ಗಳಿಗೆಯಲ್ಲೇ ಮೂಗಿನ ಬುಡದಲ್ಲಿ ಸೀನು ಎದ್ದಿತು, ಇಷ್ಟು ದಿನದ್ದೆಲ್ಲ ಒಟ್ಟಾದಂತೆ. ಅವಳು ಎರಡೂ ಕೈಯಿಂದ ಮುಖ ಅದುಮಿಕೊಂಡು ಗೋಡೆಗೆ ಹಣೆ ಒತ್ತಿ ನಿಂತಳು. ಕಿವಿಯೊಳಗೆ ಏನೋ ಪಟ್ಟೆಂದಿತು. “ನಮ್ಮನೇಲಿ ಯಾರ್ಗೂ ಇಲ್ಲ” ಎಂದು ಚನ್ನಾಜಮ್ಮ ಹೇಳಿದ್ದು ದೂರದಿಂದ ಕೇಳಿಸಿತು. “ಬಂದೋಗೋರು?” “ಯಾರ್ ಬಂದಾರು, ಎರಿಯೋಕೆ ಚೆಲುವಕ್ಕ ಬತ್ತಳೆ.” ಆ ಹೆಸರು ಹೇಳಿ ಆದ ಮೇಲೆ ಯಾರೂ ಏನೂ ಕೇಳಲಿಲ್ಲ. ಕೊಳ್ಳೇಗಾಲದ ಬಸ್ ನಿಲ್ದಾಣದ ಗಡಿಯಾರವನ್ನು ಯಾರೂ ಅನುಮಾನಿಸದಂತೆ ಅವಳನ್ನೂ ಅನುಮಾನಿಸಲಿಲ್ಲ. ಇವತ್ತು ಎರೆಯುವುದು ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿ ಸಾಕು ಎಂದು ಹೇಳಿ ಮಹಾದೇವಮ್ಮ ಹೊರಟುಹೋದಳು. ಚೆಲುವಮ್ಮನೂ ಹಿತ್ತಲ ಬಾಗಿಲಿನಿಂದ, ಬಟ್ಟಲನ್ನು ಅಲ್ಲೇ ಬಿಟ್ಟು, ಹೇಳದೆ ಹೊರಬಿದ್ದಳು.

ಮನೆಗೆ ಬಂದು ಬಾಗಿಲು ಹಾಕಿಕೊಂಡಳು. ಈಗ ಸೀನಬಹುದಿತ್ತು, ಬರಲಿಲ್ಲ. ನೀರು ಕಾಯಿಸಿ, ಕಂಬಳಿ ಮುಚ್ಚಿಕೊಂಡು ಆವಿ ತೆಗೆದುಕೊಂಡಳು. ಕಂಬಳಿಯೊಳಗೆ ತನ್ನ ಉಸಿರೇ ತನ್ನ ಮುಖಕ್ಕೆ ಬಡಿಯಿತು, ಬಿಸಿಯಾಗಿ, ಹುಳಿಯಾಗಿ. ಇದನ್ನೇ ಊದಿದ್ದು. ನಲವತ್ತು ವರ್ಷ ಇದನ್ನು ಕೊಡುವುದೇ ಕೆಲಸ ಎಂದುಕೊಂಡಿದ್ದಳು. ಕಂಬಳಿ ಕಿತ್ತೆಸೆದು ಎದ್ದಳು. ಅನ್ನಕ್ಕೆ ಮೆಣಸಿನ ಸಾರು ಕಲಸಿದಳು, ರುಚಿಯೇ ಇಲ್ಲ, ಹಾಗೇ ಮುಚ್ಚಿಟ್ಟಳು. ಮಲಗಿದಳು; ಎಡ ಹೊಳ್ಳೆ ಕಟ್ಟಿತು. ಮಗ್ಗುಲಾದಳು, ಬಲ ಹೊಳ್ಳೆ ಕಟ್ಟಿತು. ಬಾಯಿ ತೆರೆದು ಉಸಿರೆಳೆದಳು. ಕೂಸಿಗೆ ಇದು ಬರುವುದಿಲ್ಲ. ಅವಳು ಬಾಯಿ ಮುಚ್ಚಿದಳು, ನೋಡೋಣವೆಂದು, ಎಣಿಸುತ್ತ ಹೋದಳು, ಹನ್ನೆರಡಕ್ಕೆ ಎದೆ ಒದ್ದುಕೊಂಡು ಬಾಯಿ ತಾನಾಗಿ ತೆರೆಯಿತು. ಹೇಳಿದರೆ ಏನಾಗುತ್ತದೆ? ಊರಿನ ಮುಂದಿನ ಕೂಸಿಗೆ ಬೇರೆ ಯಾರೋ ಬರುತ್ತಾರೆ. ಈಗಿನವರು ಮೂಗು ತಿದ್ದುವುದೇ ಬೇಡವೆನ್ನುತ್ತಾರೆ, ಹೇಗೂ ನಿಲ್ಲುವ ಕೆಲಸ. ಆದರೆ ಒಂದು ಹೇಳಿದರೆ ಅದು ಒಂದೇ ಆಗಿ ನಿಲ್ಲುವುದಿಲ್ಲ. ನಾಗಯ್ಯನ ಹೆಂಡತಿ ಲೆಕ್ಕ ಹಾಕುತ್ತಾಳೆ; ಯಾರ ಕೂಸಿಗೆ ಯಾವಾಗ ನೆಗಡಿಯಾಯಿತು, ಯಾರದು ತಿಂಗಳಲ್ಲೇ ಕೆಮ್ಮಿತು. ಆಮೇಲೆ ಯಾರಾದರೂ ಪುಟ್ಟಬಸಪ್ಪನ ಮನೆಯ ತನಕ ನಡೆದು ಹೋಗುತ್ತಾರೆ. ಹೇಳದಿದ್ದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಕೂಸಿಗೆ ಎಂಟು ದಿನದಲ್ಲಿ ವಾಸಿಯಾಗುತ್ತದೆ. ಅಷ್ಟು ದಿನ ಆ ಹುಡುಗಿಗೆ ಅರ್ಧ ಲೋಟ ನೀರು. ಆಮೇಲೂ ಅರ್ಧ ಲೋಟವೇ. ಇನ್ನು ಮೂವತ್ತು ವರ್ಷಕ್ಕೆ ಯಾವುದೋ ಪಂಕ್ತಿಯಲ್ಲಿ ಅವಳೂ ಲೋಟದ ಮೇಲೆ ಅಂಗೈ ಮುಚ್ಚುತ್ತಾಳೆ. ವಾಸಿಯಾಗದೆ ಹೋದರೆ? ಚೆಲುವಮ್ಮ ಚಾಪೆಯಿಂದ ಎದ್ದು ಕೂತಳು. ಎಲ್ಲೋ ಕೂಸು ಅತ್ತಂತೆ ಆಯಿತು. ಬೆಕ್ಕು.

ನಾಲ್ಕು ಗಂಟೆಗೆ ಅವಳು ಮತ್ತೆ ಆ ಬೀದಿಯಲ್ಲಿದ್ದಳು. ಸ್ಕೂಲು ಬಿಟ್ಟಿತ್ತು. ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಬಾಯಲ್ಲಿ ಕಟ್ಟಿಕೊಂಡಳು, ಬಿಚ್ಚಿದಳು. ಜಗುಲಿಯಲ್ಲಿ ಚನ್ನಾಜಮ್ಮ ಹುರುಳಿಕಾಯಿ ಸೋಸುತ್ತ ಕೂತಿದ್ದಳು. “ಬಾ ಅಕ್ಕ, ಬೆಳುಗ್ಗೆ ಯೋಳ್ದೆ ಓಗ್ಬುಟ್ಟಲ್ಲ” ಅಂದಳು. ಚೆಲುವಮ್ಮ ಮೆಟ್ಟಿಲು ಹತ್ತಲಿಲ್ಲ. ಅಂಗಳದಲ್ಲೇ, ನಾಲ್ಕು ಮಾರು ದೂರದಲ್ಲಿ ನಿಂತು, ಸೆರಗನ್ನು ಮೂಗು ಬಾಯಿಗೆ ಸುತ್ತಿಕೊಂಡಳು.

“ಕೂಸು ಎಂಗದೆ?”

“ಡ್ರಾಪ್ಸು ಬುಟ್ಟ ಮೇಲೆ ಒಸಿ ಕುಡೀತು. ಇವ್ಳಿಗೆ ಆಲೇ ಇಳೀತಿಲ್ಲ. ಬಾ ಒಳುಕ್ಕೆ.”

“ಬರಲ್ಲ. ಚನ್ನಾಜಿ, ಆ ಹುಡ್ಗೀಗೆ ನೀರು ಕೊಡು. ನೀರಿಂದ ಬಂದದ್ದಲ್ಲ ಅದು. ನನ್ನಿಂದ ಬಂದದ್ದು. ಮಂಗ್ಳಾರದಿಂದ ನಂಗೆ ನೆಗ್ಡಿ. ಅಂಗೇ ಬಂದು ಊದಿವ್ನಿ ಕೂಸ್ಗೆ. ಮೂರ್ದಿನ.”

ಚನ್ನಾಜಮ್ಮನ ಕೈ ನಿಂತಿತು. ಅವಳು ಚೆಲುವಮ್ಮನನ್ನು ನೋಡಿದಳು, ಆಮೇಲೆ ಒಂದು ರೀತಿಯಲ್ಲಿ ನಕ್ಕಳು. ಮಕ್ಕಳು ಯಾರನ್ನೋ ಉಳಿಸಲು ಸುಳ್ಳು ಹೇಳಿದಾಗ ದೊಡ್ಡವರು ನಗುವಂತೆ. “ಸುಮ್ಕಿರಕ್ಕ. ತಾಯಿಲ್ದ ಮೊಗ ಅಂತ ನಿಂಗೆ ಕನಿಕರ, ನಂಗೊತ್ತು. ಅದ್ಕೆ ನಿನ್ ಮೈಮೇಲೆ ಆಕೋಬ್ಯಾಡ. ನನ್ನ ಸಾಂತರಾಜಂಗೂ ನೀನೇ ಅಲ್ವಾ ಊದಿದ್ದು? ಏನಾಗದೆ ಅವ್ನಿಗೆ, ಗುಂಡ್‌ಕಲ್ಲಂಗವ್ನೆ. ನಿನ್ ಉಸ್ರಿಂದ ಕೆಡಕು ಬತ್ತದಾ?”

ಇದನ್ನು ಚೆಲುವಮ್ಮ ನೆನೆಸಿರಲಿಲ್ಲ. ಬೈಗುಳಕ್ಕೆ ಸಿದ್ಧಳಾಗಿ ಬಂದಿದ್ದಳು; ಈ ನಂಬಿಕೆ ಅವಳ ಮುಂದೆ ಬಾಗಿಲಿಲ್ಲದ ಗೋಡೆಯಂತೆ ನಿಂತಿತು. ಒಂದು ಗಳಿಗೆ, ಒಂದೇ ಗಳಿಗೆ, ಅದರ ನೆರಳು ಹಿತವಾಗಿಯೂ ಕಂಡಿತು. ಹೇಳಿದ್ದಾಯಿತು, ಅವಳು ನಂಬದಿದ್ದರೆ ತಾನೇನು ಮಾಡಲಿ? ತಿರುಗಿ ಹೋಗಬಹುದು. ಕೋಣೆಯ ಕಿಟಕಿಯಲ್ಲಿ, ಹಳೆಯ ಸೀರೆಯ ಪರದೆಯ ಹಿಂದೆ, ಬಟ್ಟೆ ಸುತ್ತಿದ ಒಂದು ತಲೆ ಅಲುಗದೆ ಇತ್ತು.

ಆಗ ಸೀನು ಬಂತು. ಹೆಬ್ಬೆರಳು ರೂಢಿಯಿಂದ ಮೂಗಿನ ಬುಡಕ್ಕೆ ಹೋಯಿತು. ಚೆಲುವಮ್ಮ ಅದನ್ನು ಕೆಳಗಿಳಿಸಿದಳು. ಮುಖ ಬೀದಿಯ ಕಡೆ ತಿರುಗಿಸಿ, ಸೆರಗಿನೊಳಗೆ ಸೀನಿದಳು. ಜಗುಲಿಯ ಕೆಳಗಿದ್ದ ಕೋಳಿ ಹಾರಿ ದೂರ ಹೋಯಿತು. ಮತ್ತೊಂದು. ಮತ್ತೊಂದು, ಬಗ್ಗಿ, ಮಂಡಿ ಹಿಡಿದುಕೊಂಡು, ಕಣ್ಣು ಮೂಗು ಎಲ್ಲ ಸುರಿಯುವಂತೆ. ಏಳನೆಯದಕ್ಕೋ ಎಂಟನೆಯದಕ್ಕೋ ನಿಂತಿತು. ಸೆರಗು ಒದ್ದೆಯಾಗಿ ಮುಖಕ್ಕೆ ಅಂಟಿಕೊಂಡಿತ್ತು. ಅವಳು ಅದನ್ನು ಸರಿಸಿ, ಮುಖ ಮುಚ್ಚಿಕೊಳ್ಳದೆ, ಒರೆಸಿಕೊಳ್ಳದೆ, ಹಾಗೇ ಜಗುಲಿಯ ಕಡೆ ತಿರುಗಿದಳು.

ಚನ್ನಾಜಮ್ಮ ಎದ್ದು ನಿಂತಿದ್ದಳು. ಅವಳ ಸೆರಗು ತಾನಾಗಿ ಅವಳ ಮೂಗಿನ ಮೇಲೆ ಹೋಗಿತ್ತು. ಹುರುಳಿಕಾಯಿಯ ಮೊರ ಓರೆಯಾಗಿ, ಕಾಯಿ ಒಂದೊಂದೇ ಮೆಟ್ಟಿಲ ಮೇಲೆ ಉರುಳುತ್ತಿದ್ದವು. ಅವಳು ಒಳಗೆ ಹೋದಳು. ಬಚ್ಚಲ ಬಾಗಿಲು ಕಿರುಗುಟ್ಟಿತು. ಬಂದಾಗ ಅವಳ ಕೈಯಲ್ಲಿ ಕಂಚಿನ ಬಟ್ಟಲಿತ್ತು. ಅದನ್ನು ಮೇಲಿನ ಮೆಟ್ಟಿಲ ಅಂಚಿನಲ್ಲಿಟ್ಟು, ಮುಟ್ಟಿದ ಕೈಯನ್ನು ಸೀರೆಗೆ ಒರೆಸಿಕೊಂಡು, ಹಿಂದೆ ಸರಿದಳು. ಎಣ್ಣೆ ಹಾಗೇ ಇತ್ತು.

“ಅಜ್ಜಿ” ಎಂದು ಕಿಟಕಿಯಿಂದ ಮೀನಾಳ ದನಿ ಬಂತು. ಗಟ್ಟಿ ದನಿಯೇನಲ್ಲ. “ಮಂಗ್ಳಾರದಿಂದ್ಲೇ ಗೊತ್ತಿತ್ತಾ ನಿಮ್ಗೆ?”

“ಗೊತ್ತಿತ್ತು ಕಣವ್ವ.”

ಪರದೆಯ ಹಿಂದೆ ಕೂಸು ಗೊರ್ ಎಂದಿತು. “ಇನ್ನ ಬರ್ಬ್ಯಾಡಿ” ಅಂದಳು ಮೀನಾ. ಆಮೇಲೆ ಬೇರೆ ಕಡೆ ತಿರುಗಿ, ಹೊಸ ದನಿಯಲ್ಲಿ, “ಅತ್ತೆ, ನೀರು” ಅಂದಳು.

ಚನ್ನಾಜಮ್ಮ ನಿಂತೇ ಇದ್ದಳು. ಮೆಟ್ಟಿಲ ಮೇಲಿನ ಬಟ್ಟಲನ್ನು ನೋಡಿದಳು, ಅಂಗಳದಲ್ಲಿ ನಿಂತ ಮುದುಕಿಯನ್ನು ನೋಡಿದಳು. ತಿರುಗಿದಳು. ಅಡಿಗೆಮನೆಯಲ್ಲಿ ಕೊಡದೊಳಗೆ ಚೊಂಬು ಮುಳುಗಿದ ಸದ್ದು ಕೇಳಿತು.

ಚೆಲುವಮ್ಮ ಬಟ್ಟಲನ್ನು ಎರಡೂ ಕೈಯಿಂದ ಎತ್ತಿಕೊಂಡಳು. ಹೋಗಬೇಕಿತ್ತು, ಹೋಗಲಿಲ್ಲ; ಬಾಯಿ ತೆರೆದು ಉಸಿರಾಡುತ್ತ, ಎಣ್ಣೆ ತುಳುಕದಂತೆ ಹಿಡಿದು, ಕಿಟಕಿಯ ಕಡೆ ಕಿವಿಯಿಟ್ಟಳು. ಒಳಗೆ ಒಂದು ಗುಟುಕು ಇಳಿಯಿತು. ಇನ್ನೊಂದು. ಎಲ್ಲೂ ನಿಲ್ಲದೆ, ಉಸಿರೂ ಎಳೆಯದೆ ಕುಡಿಯುತ್ತಿದ್ದಳು ಹುಡುಗಿ. ಚೆಲುವಮ್ಮ ಎಣಿಸುತ್ತ ಹೋದಳು. ಹದಿನೇಳಕ್ಕೆ ಖಾಲಿ ಚೊಂಬು ನೆಲಕ್ಕೆ ತಾಗಿ ಟಣ್ ಎಂದಿತು.

“ಇನ್ನೊಂದು” ಅಂದಳು ಮೀನಾ.